ತಾಯಿತಂದೆಗಳ ತರುವಾಯದ ಪೋಷಣೆ



ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿಯೂ ದೇವನಹಳ್ಳಿಯ ಒಕ್ಕಲುಮನೆಗಳಲ್ಲಿಯೂ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳು ಈಗ 50ರ ಪ್ರಾಯವನ್ನು ಮುಟ್ಟುತ್ತಿರುವರು, ಹೆತ್ತವರೋ 80ರವರು. ‘ನಮ್ಮ ತರುವಾಯ ಯಾರು?’ ಎಂಬುದೇ ಇವರ ಸಂಕಟ. 1999ರ ರಾಷ್ಟ್ರೀಯ ನ್ಯಾಸ ಶಾಸನವು ಜಿಲ್ಲಾಧಿಕಾರಿ, ನೋಂದಣಿಯಾದ ಸಂಸ್ಥೆಯ ಪ್ರತಿನಿಧಿ, ಅಂಗವೈಕಲ್ಯವುಳ್ಳವರೊಬ್ಬರು, ಈ ಮೂವರ ಸಮಿತಿಯಿಂದ ಪೋಷಕರನ್ನು ನೇಮಿಸುವ ದಾರಿಯನ್ನು ತೆರೆದಿದೆ. ಹೆತ್ತವರು ಬದುಕಿರುವಾಗಲೇ ಅರ್ಜಿಯನ್ನು ಸಲ್ಲಿಸುವುದು ಲೇಸು.

ಆದರೆ ಆಜ್ಞಾಪತ್ರವೊಂದೇ ಸಾಲದು. ಡೌನ್ ಸಿಂಡ್ರೋಮ್ ಉಳ್ಳವರಿಗೆ ಮರೆವಿನ ರೋಗವು 50ರ ಆಸುಪಾಸಿನಲ್ಲಿಯೇ ತಲೆದೋರುವುದುಂಟು. ಅದನ್ನು ಹಟವೆಂದು ಗದರಿಸದೆ ವೈದ್ಯರಲ್ಲಿಗೆ ಕರೆದೊಯ್ಯುವವರು ಬೇಕು. ಮಠದಲ್ಲಿ ದಾಸೋಹವುಂಟು, ಸರಕಾರದಲ್ಲಿ ಮಾಸಾಶನವುಂಟು, ಆಸ್ಪತ್ರೆಯಲ್ಲಿ ಔಷಧವುಂಟು. ಇವು ಒಂದನ್ನೊಂದು ವಿಚಾರಿಸುವುದೇ ಅಪರೂಪ! ಮಗನ ಊಟದ ರುಚಿ, ಅಂಜಿಕೆ, ನಿದ್ರೆಯ ಹೊತ್ತು, ಇವನ್ನು ಬಲ್ಲವಳು ತಾಯಿಯೊಬ್ಬಳೇ. ಅವಳಿಂದ ಕೇಳಿ ಈಗಲೇ ಬರೆದಿಡುವ ಕೆಲಸವನ್ನು ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳು ವಹಿಸಿಕೊಳ್ಳಲಿ.