ಜಯದ ಪ್ರಾಯ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸುತ್ತಿನಲ್ಲಿ ದೀಪಾವಳಿಯಾದ ಮೇಲೆ ಹೋರಿ ಬೆದರಿಸುವ ಹಬ್ಬ ನಡೆಯುವುದನ್ನು ಶ್ರೋತೃಗಳಲ್ಲಿ ಕೆಲವರಾದರೂ ಬಲ್ಲರು. ಕೊರಳಿಗೆ ಕೊಬ್ಬರಿಯ ಸರ ಕಟ್ಟಿದ ಹೋರಿಯನ್ನು ಜನಗಳ ನಡುವೆ ಓಡಿಸುತ್ತಾರೆ. ಸರವನ್ನು ಹರಿದುಕೊಂಡವನು ಗೆದ್ದ. ಯಾರ ಕೈಗೂ ಸಿಕ್ಕದೆ ಹೋದರೆ ಹೋರಿ ಗೆದ್ದಿತು. ಮುಪ್ಪಿನ ಹೋರಿಯ ಸರ ಹರಿದವನಿಗೆ ಕೊಬ್ಬರಿ ದಕ್ಕೀತು, ಹೆಸರು ದಕ್ಕದು.

ಮನುಷ್ಯರ ಆಟದಲ್ಲಿ ಮಾತ್ರ ನಾವು ಈ ವಿವೇಕವನ್ನು ಬದಿಗಿಡುತ್ತೇವೆ. ಹತ್ತು ವರ್ಷ ತನ್ನನ್ನು ಸೋಲಿಸಿದ ಎದುರಾಳಿಯನ್ನು, ಅವನ ಮಂಡಿ ಸವೆದ ಮೇಲೆ ಒಬ್ಬನು ಕೆಡವಿದರೆ, ಹಳೆಯ ಲೆಕ್ಕ ತೀರಿತೆಂದು ಚಪ್ಪಾಳೆ ತಟ್ಟುತ್ತೇವೆ. ತೀರಿದ್ದು ಯಾವ ಲೆಕ್ಕ?

೧೯೮೦ರಲ್ಲಿ ಪ್ರಕಾಶ್ ಪಡುಕೋಣೆಯವರು ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ನಿನ ಅಂತಿಮ ಪಂದ್ಯದಲ್ಲಿ ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್ ಅವರನ್ನು ೧೫-೩, ೧೫-೧೦ ಅಂಕಗಳಿಂದ ಸೋಲಿಸಿದರು. ಕಿಂಗ್ ಅದಕ್ಕೆ ಹಿಂದಿನ ಎರಡು ವರ್ಷಗಳೂ ಅಲ್ಲಿ ಗೆದ್ದವರು. ಇಬ್ಬರಿಗೂ ಆಗ ಇಪ್ಪತ್ತೈದು ತುಂಬಿರಲಿಲ್ಲ. ಮರುವರ್ಷದ ಅಂತಿಮ ಪಂದ್ಯದಲ್ಲಿ ಅದೇ ಕಿಂಗ್ ಪ್ರಕಾಶರನ್ನು ಸೋಲಿಸಿದರು. ಈ ಸೋಲಿನಿಂದ ಮೊದಲಿನ ಜಯ ಕುಂದಿತೆಂದು ನಾವು ಎಣಿಸುವುದಿಲ್ಲ. ಪ್ರಕಾಶರು ಕೆಡವಿದ್ದು ಕಸುವು ಕುಂದಿದವನನ್ನಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಹಾಗಾದರೆ ಇಳಿವಯಸ್ಸಿನ ಗೆಲವೆಲ್ಲ ಹುಸಿಯೆ? ಹಾಗೆನ್ನಲು ನಮಗೆ ಬಾಯಿ ಬಾರದು. ಕೊಡಗಿನ ರೋಹನ್ ಬೋಪಣ್ಣನವರು ೨೦೨೪ರಲ್ಲಿ, ತಮ್ಮ ೪೩ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಅವರ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಟೆನಿಸ್ಸಿನ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಪಡೆದರು. ಅಂತಿಮ ಪಂದ್ಯದಲ್ಲಿ ಎದುರು ನಿಂತ ಇಟಲಿಯ ಜೋಡಿಯಲ್ಲಿ ಒಬ್ಬರು ಇವರಿಗಿಂತ ೧೫ ವರ್ಷ ಕಿರಿಯರು.