ರೇಡಾನ್ ಲೆಕ್ಕ ಮನೆಯವರಿಗೆ ಕೊಡಿ



  

ವಿಕಿರಣಶೀಲ ಅನಿಲ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಕೈಗಾದ ಚಿಮಣಿ. ಅಣುಸ್ಥಾವರದ ಚಿಮಣಿಯಿಂದ ಆರ್ಗಾನ್-41 ಬರುವುದು ನಿಜ. ಆದರೆ ಅದರ ಅರ್ಧಾಯು ಎರಡು ಗಂಟೆಗೂ ಕಡಿಮೆ, ಬಿಡುಗಡೆಗೆ ಮಿತಿಯೂ ಅಳತೆಯೂ ಇವೆ. ನೆಲದಿಂದ ನಾವು ಮಲಗುವ ಕೋಣೆಗೆ ಸೇರುವ ವಿಕಿರಣಶೀಲ ಅನಿಲ ರೇಡಾನ್. ಹೆಚ್ಚಿನ ಮನೆಗಳಲ್ಲಿ ಅದಕ್ಕೆ ಅಳತೆಯೇ ಇಲ್ಲ. ನಿಸರ್ಗದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಅದರಲ್ಲಿ ಅರ್ಧದಷ್ಟು ಈ ಅನಿಲದ್ದು ಮತ್ತು ಅದು ಕ್ಷಯಿಸಿ ಹುಟ್ಟುವ ಸಂತತಿಯದ್ದು. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಬಂದಾಗ ಅಣುಸ್ಥಾವರದ ಬಾಗಿಲಲ್ಲಿ ವಿಕಿರಣ ಪತ್ತೆಯ ಗಂಟೆ ಬಾರಿಸಿತು. ಸ್ಥಾವರವಿನ್ನೂ ಚಾಲನೆಗೇ ಬಂದಿರಲಿಲ್ಲ. ರೇಡಾನ್ ಸಂತತಿ ಅವರ ಮೈಗಂಟಿದ್ದು ಸ್ವಂತ ಮನೆಯಲ್ಲಿ!

ಕೋಲಾರ, ಬೆಂಗಳೂರು ಸೀಮೆಯ ಗ್ರಾನೈಟ್ ನೆಲದಲ್ಲಿ ಯುರೇನಿಯಂ ಇದೆ. ಅದು ಕ್ಷಯಿಸಿದಂತೆ ರೇಡಾನ್ ಹುಟ್ಟುತ್ತಲೇ ಇರುತ್ತದೆ. ಕೊಳವೆಬಾವಿ ನೀರಲ್ಲಿ ಅದು ಹೆಚ್ಚಿದೆ ಎಂಬ ಸುದ್ದಿ ಬಂದಾಗಲೆಲ್ಲ ಆರ್‌ಒ ಯಂತ್ರದವರಿಗೆ ಹಬ್ಬ. ಆರ್‌ಒ ಪೊರೆ ಕರಗಿದ ಅನಿಲವನ್ನು ತಡೆಯುವುದಿಲ್ಲ ಮಾರಾಯ್ರೆ. ನೀರನ್ನು ಕುದಿಸಿದರೆ, ಚೆನ್ನಾಗಿ ಗಾಳಿಯಾಡಿಸಿದರೆ ಬಹುಪಾಲು ಹಾರಿಹೋಗುತ್ತದೆ. ದೊಡ್ಡ ಅಪಾಯ ಕುಡಿಯುವುದರಲ್ಲಲ್ಲ, ಉಸಿರಾಡುವುದರಲ್ಲಿ. ಬೀಡಿ ಸಿಗರೇಟು ಸೇದುವವರಿಗೆ ಆ ಅಪಾಯ ಸೇದದವರಿಗಿಂತ ಸುಮಾರು 25 ಪಟ್ಟು.

ಇಷ್ಟು ಹೇಳಿ ಜನರನ್ನು ದೂರುವುದು ಸುಲಭ. ನನ್ನ ಸಿಟ್ಟು ಇರುವುದು ರೇಡಾನ್ ಅಳೆಯುವ ನಮ್ಮ ಮೇಲೆ. ನಾವು ಮಾಡುವುದೇನು? ಯಾರದೋ ಮನೆಗೆ ಹೋಗುತ್ತೇವೆ, ಕಾಫಿ ಕುಡಿಯುತ್ತೇವೆ, ವಿಕಿರಣ ಕಣಗಳ ಗುರುತು ಹಿಡಿಯುವ ಎಲ್‌ಆರ್-115 ಫಿಲ್ಮ್ ಇಟ್ಟ ಡಬ್ಬಿಯನ್ನು ಕೋಣೆಯಲ್ಲಿ ತೂಗುಹಾಕುತ್ತೇವೆ. ಮೂರು ತಿಂಗಳಿಗೆ ತೆಗೆದುಕೊಂಡು ಬರುತ್ತೇವೆ. ಫಿಲ್ಮಿನ ಮೇಲಿನ ಗುರುತುಗಳ ಎಣಿಕೆ ಇಂಗ್ಲಿಷ್ ಪತ್ರಿಕೆಗೆ ಹೋಗುತ್ತದೆ, ಪಿಎಚ್‌ಡಿ ಬರುತ್ತದೆ. ಆ ಮನೆಯಾಕೆಗೆ ಅವಳದೇ ಕೋಣೆಯ ಅಂಕಿ ಇಂದಿಗೂ ಗೊತ್ತಿಲ್ಲ. ಡಬ್ಬಿಯಲ್ಲೇನೋ ವಿಷ ಇತ್ತಂತೆ ಎಂದು ಪಕ್ಕದ ಬೀದಿಯಲ್ಲಿ ಸುದ್ದಿ ಹುಟ್ಟಿದರೆ ತಪ್ಪು ಯಾರದು?

ನಮ್ಮದೇ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಇದನ್ನೆತ್ತಿದಾಗ ಹಿರಿಯರೊಬ್ಬರು, "ಅಂಕಿ ಕೊಟ್ರೆ ಗಾಬರಿ ಬೀಳ್ತಾರಪ್ಪ, ಸುಮ್ಮನಿರಿ" ಎಂದರು. ಆ ಮಾತು ನಡವಳಿಕೆ ಪುಸ್ತಕಕ್ಕೂ ಏರಲಿಲ್ಲ. ಮುಚ್ಚಿಟ್ಟರೆ ಗಾಬರಿ ಕಡಿಮೆಯಾಗುತ್ತದೆಯೇ? 1989ರಲ್ಲಿ ಶಿವರಾಮ ಕಾರಂತರು ಕೈಗಾ ವಿರೋಧಿಸಿ ಲೋಕಸಭೆಗೆ ನಿಂತಾಗ ಅವರನ್ನು ವಿಜ್ಞಾನ ತಿಳಿಯದವರೆಂದು ನಕ್ಕವರು ನಮ್ಮಲ್ಲಿದ್ದರು. 2009ರಲ್ಲಿ ಅದೇ ಕೈಗಾದಲ್ಲಿ ಸಿಬ್ಬಂದಿಯ ಕುಡಿಯುವ ನೀರಿಗೆ ಟ್ರಿಷಿಯಂ ಬೆರೆಯಿತು. ಅಂಕಿ ಕೇಳುವವನನ್ನು ಮೂಢ ಎನ್ನುವ ಚಟ ನಮಗೆ ಇನ್ನೂ ಬಿಟ್ಟಿಲ್ಲ. ಕಾರಂತರ ಎಲ್ಲ ವಾದಗಳನ್ನು ನಾನು ಒಪ್ಪುವವನಲ್ಲ, ಅದು ಬೇರೆ ಮಾತು.

ಹಾಗಾಗಿ ನನ್ನ ಬೇಡಿಕೆ: ಮನೆ ಅಳೆದವರು ಫಲಿತಾಂಶ ಕೈಸೇರಿದ ಒಂದು ತಿಂಗಳಲ್ಲಿ ಒಂದು ಹಾಳೆ ಕನ್ನಡದಲ್ಲಿ ಆ ಮನೆಗೆ ಕೊಡಬೇಕು. ಘನಮೀಟರಿಗೆ ಎಷ್ಟು ಬೆಕೆರೆಲ್, ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ 100ಕ್ಕೆ ಹೋಲಿಸಿದರೆ ಹೇಗೆ, ಯಾವ ಕಿಟಕಿ ತೆರೆಯಬೇಕು, ನೆಲದ ಯಾವ ಬಿರುಕು ಮುಚ್ಚಬೇಕು. ಪ್ರತಿ ಜಿಲ್ಲೆಯ ಶಾಲೆಗಳ ನೆಲಮಹಡಿಯ ಕೋಣೆಗಳನ್ನು ಒಂದು ವರ್ಷ ಅಳೆಯೋಣ. ಮನೆ ಕಟ್ಟುವ ಪರವಾನಗಿಯಲ್ಲೂ ಗಾಳಿಯಾಟದ ಷರತ್ತು ಬರಲಿ. ಟಿವಿ ವಾಹಿನಿಗಳು ಬೆಕೆರೆಲ್‌ಗೂ ಸೀವರ್ಟ್‌ಗೂ ಇರುವ ವ್ಯತ್ಯಾಸ ಕಲಿಯಲಿ (ಇದು ಕನಸೆಂದು ಬಲ್ಲೆ).

ಊಟದ ನಂತರ ಆ ಒಂದು ಹಾಳೆಯ ಗೊತ್ತುವಳಿಯನ್ನು ಸಂಘದ ಅಧ್ಯಕ್ಷನಾಗಿ ಮತಕ್ಕೆ ಹಾಕುತ್ತೇನೆ. ವಿರೋಧಿಸುವವರು ಕಾರಣ ಬರೆದು ಕೊಡಿ, ಹೆಸರು ಸಹಿತ. ಈ ಸಲ ಅದು ನಡವಳಿಕೆ ಪುಸ್ತಕದಲ್ಲಿರುತ್ತದೆ.