ಡಾಕ್ಟರಿಗೂ ಔಷಧಿ ಅಂಗಡಿಗೂ ನಡುವೆ ಒಂದು ತಂತಿ

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ನಡೆದು ಬಂದ ದಾರಿಯನ್ನು ಹಿರಿಯರು ಆಗಲೇ ತಿಳಿಸಿದ್ದಾರೆ. ನಾವು ಮುಂದಿನ ಒಂದು ಕೆಲಸದ ಬಗ್ಗೆ ಎರಡು ಮಾತು ಹೇಳುತ್ತೇವೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಜನೌಷಧಿ ಕೇಂದ್ರ ತೆರೆಯಬಹುದೆಂದು ಕೇಂದ್ರ ಸರ್ಕಾರ 2023ರಲ್ಲಿ ತೀರ್ಮಾನಿಸಿತು. ನಮ್ಮಲ್ಲೂ ತೆರೆಯೋಣ ಎಂಬ ಮಾತು ಎದ್ದಿದೆ. ಬಹಳ ಸಂತೋಷ. ಆದರೆ ಮಾತ್ರೆ ಅಗ್ಗವಾಗಿ ಸಿಕ್ಕರೆ ಸಾಲದು, ಸರಿಯಾದ ಮಾತ್ರೆ ಸರಿಯಾದವರ ಕೈಗೆ ಸೇರಬೇಕು. ಅದಕ್ಕೆ ಡಾಕ್ಟರಿಗೂ ಅಂಗಡಿಗೂ ಸಂಪರ್ಕ ಇರಬೇಕು.

ಈಗ ಇರುವ ಸಂಪರ್ಕ ಯಾವುದು? ಒಂದು ಚೀಟಿ ಅಷ್ಟೆ. ಜೇಬಿನಲ್ಲಿ ಮಡಚಿ, ಬೆವರಿಗೆ ನೆಂದು, ಅಕ್ಷರ ಅಳಿಸಿರುತ್ತದೆ. ಅಂಗಡಿಯವರಿಗೆ ಅನುಮಾನ ಬಂದರೆ ಯಾರನ್ನು ಕೇಳಬೇಕು? ಒಂದೇ ಔಷಧಿಗೆ ಕಂಪನಿಗೊಂದು ಹೆಸರು. ಆಸ್ಪತ್ರೆಯಲ್ಲಿ ಬಿ.ಪಿ.ಗೆ ಒಂದು ಹೆಸರಿನ ಮಾತ್ರೆ ಬರೆದಿರುತ್ತಾರೆ, ಪೇಟೆಯ ಡಾಕ್ಟ್ರು ಅದೇ ಔಷಧಿಯನ್ನು ಇನ್ನೊಂದು ಹೆಸರಿನಲ್ಲಿ ಬರೆದಿರುತ್ತಾರೆ. ಅಜ್ಜಿ ಎರಡನ್ನೂ ನುಂಗಿ ತಲೆ ಸುತ್ತಿ ಬೀಳುತ್ತಾಳೆ. "ವಯಸ್ಸಾಯ್ತಲ್ಲ, ಅದಕ್ಕೇ" ಅಂತ ಮನೆಯವರು ಸುಮ್ಮನಾಗುತ್ತಾರೆ. ಇನ್ನು ಹೃದಯದ ತೊಂದರೆಗೆಂದು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು, ಮಂಡಿನೋವಿಗೆಂದು ಅಂಗಡಿಯಲ್ಲಿ ನೋವಿನ ಮಾತ್ರೆ ಕೇಳಿ ತಂದು ನುಂಗಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗುವ ಅಪಾಯವುಂಟು. ಡಾಕ್ಟರಿಗೆ ಈ ವಿಷಯ ಗೊತ್ತಾಗೋದೇ ಇಲ್ಲ.

ಇದಕ್ಕೆ ದಾರಿ ಕಂಡುಕೊಂಡ ದೇಶಗಳಿವೆ. ಯುರೋಪಿನಲ್ಲಿ ಎಸ್ಟೋನಿಯಾ ಎಂಬ ಪುಟ್ಟ ದೇಶವಿದೆ. ಅಲ್ಲಿಯ ಜನಸಂಖ್ಯೆ 13 ಲಕ್ಷದ ಆಸುಪಾಸು, ಅಂದರೆ ನಮ್ಮ ಮಂಡ್ಯ ಜಿಲ್ಲೆಗಿಂತ ಕಡಿಮೆ. 2010ರ ಜನವರಿಯಿಂದ ಅಲ್ಲಿ ಡಾಕ್ಟರು ಔಷಧಿಯನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಅದು ದೇಶಕ್ಕೆಲ್ಲ ಒಂದೇ ಆದ ಕಣಜಕ್ಕೆ ಹೋಗಿ ಸೇರುತ್ತದೆ. ರೋಗಿ ಯಾವ ಊರಿನ ಯಾವ ಅಂಗಡಿಗಾದರೂ ಹೋಗಿ ಗುರುತಿನ ಚೀಟಿ ತೋರಿಸಿದರೆ ಸಾಕು, ಬರೆದದ್ದು ಅಂಗಡಿಯವರಿಗೆ ಕಾಣುತ್ತದೆ. ಔಷಧಿ ಕೊಟ್ಟ ಮೇಲೆ ಕೊಟ್ಟಾಯಿತು ಎಂದು ಅಲ್ಲೇ ದಾಖಲಾಗುತ್ತದೆ. ಒಂದೇ ಚೀಟಿಗೆ ಎರಡು ಸಲ ಕೊಳ್ಳುವ ಹಾಗಿಲ್ಲ. ರೋಗಿ ಔಷಧಿ ಕೊಂಡನೋ ಇಲ್ಲವೋ ಎಂಬುದು ಕುಟುಂಬ ವೈದ್ಯರಿಗೂ ತಿಳಿಯುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ.ಯಂಥ ದಿನನಿತ್ಯದ ಮಾತ್ರೆ ಮುಗಿದರೆ ವೈದ್ಯರಿಗೆ ಫೋನು ಮಾಡಿದರಾಯಿತು. 2016ರಿಂದ ಒಂದಕ್ಕೊಂದು ಆಗಿಬಾರದ ಔಷಧಿಗಳನ್ನು ಬರೆಯುವಾಗಲೇ ಕಂಪ್ಯೂಟರ್ ವೈದ್ಯರನ್ನು ಎಚ್ಚರಿಸುತ್ತದೆ. 2019ರಿಂದ ನೆರೆಯ ಫಿನ್ಲೆಂಡಿನ ವೈದ್ಯರು ಬರೆದದ್ದಕ್ಕೂ ಅಲ್ಲಿ ಔಷಧಿ ಸಿಗುತ್ತದೆ. ಇವೆಲ್ಲಕ್ಕಿಂತ ನಮಗೆ ಮೆಚ್ಚುಗೆಯಾದದ್ದು ಇನ್ನೊಂದು: ತನ್ನ ದಾಖಲೆಯನ್ನು ಯಾರು ಯಾರು ತೆರೆದು ನೋಡಿದರು ಎಂಬುದನ್ನು ರೋಗಿಯೇ ನೋಡಬಹುದು.

ಇದೆಲ್ಲ ನಮ್ಮ ಹಳ್ಳಿಗೆ ಎಲ್ಲಿಂದ ಬರಬೇಕು ಅಂತ ತಾವು ಕೇಳಬಹುದು. ಗೊಬ್ಬರ ಕೊಳ್ಳುವಾಗ ಯಂತ್ರಕ್ಕೆ ಹೆಬ್ಬೆಟ್ಟು ಒತ್ತುತ್ತೇವಲ್ಲ, ಅದು ಬಂದಾಗಲೂ ಹೀಗೇ ಕೇಳಿದ್ದೆವು. ನಮ್ಮ ದೇಶದಲ್ಲೂ ಹೆಜ್ಜೆ ಇಟ್ಟಾಗಿದೆ. 2020ರ ಮಾರ್ಚಿಯಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ವೈದ್ಯರು ಸಹಿ ಮಾಡಿದ ಚೀಟಿಯ ಫೋಟೋವನ್ನು ಮೊಬೈಲಿಗೆ ಕಳಿಸಬಹುದು. ಅಂಗಡಿಗೇ ನೇರವಾಗಿ ಕಳಿಸುವುದಾದರೆ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು, ಅಂಗಡಿ ರೋಗಿಯ ಇಷ್ಟದ್ದಾಗಿರಬೇಕು. ಇದು ಬಹಳ ಮುಖ್ಯ. ಇಲ್ಲದಿದ್ದರೆ ಡಾಕ್ಟರು ಮತ್ತು ಅಂಗಡಿಯವರ ನಡುವಿನ ತಂತಿ ಕಮಿಷನ್ ತಂತಿಯಾಗಿಬಿಡುತ್ತದೆ.

ಆದುದರಿಂದ ನಮ್ಮ ಸಂಘ ಅಂಗಡಿ ತೆರೆಯುವುದಾದರೆ ಈ ನಾಲ್ಕು ಮಾತು ಸಾಮಾನ್ಯ ಸಭೆಯಲ್ಲಿ ಗೊತ್ತುವಳಿಯಾಗಲಿ.

ಒಂದು, ನೋಂದಾಯಿತ ಫಾರ್ಮಸಿಸ್ಟ್ ಇಲ್ಲದ ಹೊತ್ತಿನಲ್ಲಿ ಬಾಗಿಲು ತೆರೆಯಬಾರದು. ನಿರ್ದೇಶಕರ ಮಗ, ಭಾಮೈದ ಕೂತು ಮಾತ್ರೆ ಕೊಡುವುದು ಬೇಡ.

ಎರಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮತ್ತು ನಮ್ಮ ಜನ ಹೋಗುವ ಪೇಟೆಯ ಡಾಕ್ಟರುಗಳ ಒಪ್ಪಿಗೆ ಪಡೆದು, ಅನುಮಾನ ಬಂದಾಗ ಕೇಳುವುದಕ್ಕೆ ಅವರ ಫೋನ್ ನಂಬರು ಅಂಗಡಿಯಲ್ಲಿ ಇರಬೇಕು. ತಂತಿ ಎರಡು ಕಡೆಗೂ ಹರಿಯಬೇಕು. ಬರೆದದ್ದು ಇತ್ತ ಬಂದಂತೆ ಪ್ರಶ್ನೆಯೂ ಅತ್ತ ಹೋಗಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ, ನಾಳೆಯೇ ಶುರು ಮಾಡಬಹುದು.

ಮೂರು, ಯಾರ ಮನೆಗೆ ಯಾವ ಮಾತ್ರೆ ಹೋಗುತ್ತದೆ ಎಂಬುದು ಅರಳಿಕಟ್ಟೆಯ ಮಾತಾಗಬಾರದು. ಸೊಸೆ ಯಾವ ಮಾತ್ರೆ ತಗೊಂಡಳು, ಯಾರ ಮಗನಿಗೆ ಕ್ಷಯ, ಇದು ಹೊರಗೆ ಬಿದ್ದರೆ ಜನ ನಮ್ಮ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ನಿರ್ದೇಶಕರಾದ ನಮಗೂ ಆ ದಾಖಲೆ ನೋಡುವ ಹಕ್ಕು ಇರಬಾರದು. ಇದನ್ನು ನಾವೇ ಹೇಳುತ್ತಿದ್ದೇವೆ.

ನಾಲ್ಕು, ಕರೆಂಟು ಹೋಯಿತು, ನೆಟ್‌ವರ್ಕ್ ಇಲ್ಲ ಎಂದು ರೋಗಿಯನ್ನು ವಾಪಸು ಕಳಿಸಬಾರದು. ಕಾಗದದ ಚೀಟಿಯೂ ಇರಲಿ. ಮೊಬೈಲು ಬಾರದ ಮುದುಕರನ್ನು ಬಿಟ್ಟು ಮುಂದೆ ಹೋಗುವುದು ಸಹಕಾರ ಅಲ್ಲ.

ಸಾಲಕ್ಕೆ ಜಾಮೀನು ನೋಡುವ ಸಂಘ, ಮಾತ್ರೆ ಕೊಡುವಾಗ ಇನ್ನೂ ಹೆಚ್ಚು ನೋಡಬೇಕು. ಸಾಲದ ಲೆಕ್ಕ ತಪ್ಪಿದರೆ ಆಡಿಟ್‌ನಲ್ಲಿ ಸರಿಯಾಗುತ್ತದೆ, ಮಾತ್ರೆ ತಪ್ಪಿದರೆ ಹಾಗಲ್ಲ. ತಾವೆಲ್ಲರೂ ಯೋಚಿಸಿ, ಮುಂದಿನ ಸಭೆಗೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ.